ಮೂರು ಕೆಲಸ, ಒಂದು ಸಹಿ

ಹನ್ನೆರಡು ಬೀಗಗಳಲ್ಲಿ ಹನ್ನೊಂದು ಬಾಯಿ ಬಿಟ್ಟುಕೊಂಡು ನೇತಾಡುತ್ತಿದ್ದವು. ಹಸಿರು ಬಣ್ಣದ್ದು ಮಾತ್ರ ಬಾಯಿ ಮುಚ್ಚಿಕೊಂಡಿತ್ತು.

ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಸೆರಗಿನ ತುದಿಗಾಗಿ ತಡಕಾಡಿದಳು. ಮೈಮೇಲೆ ಇದ್ದದ್ದು ಖಾಕಿ ಅಂತ ನೆನಪಾಗಿ, ಕರವಸ್ತ್ರದಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಊಹೂಂ, ಕಣ್ಣಿನ ತಪ್ಪಲ್ಲ. ಮೂರು ದಿನದಿಂದ ಇದೇ ಹಲಗೆಯ ಮುಂದೆ ಎಷ್ಟು ಸಲ ಓಡಾಡಿದ್ದಳೋ! ಮಂಡಿನೋವು ಗಮನಕ್ಕೆ ಬಂದಿತ್ತು, ಬೀಗ ಬಂದಿರಲಿಲ್ಲ.

"ದಫೇದಾರ್ರೇ, ಈ ಹಲಗೇನ ಯಾರಾದ್ರೂ ಮುಟ್ಟಿದ್ದಾರಾ?"

"ಎಲ್ಲಿ ಮುಟ್ತಾರೆ ಮೇಡಂ? ಮೊದಲನೇ ದಿನವೇ ಸುತ್ತ ದಾರ ಕಟ್ಟಿ ಮೊಹರು ಹಾಕಿದ್ದೀನಿ. ಫೋಟೋದಲ್ಲೂ ಹೀಗೇ ಇದೆ, ನೋಡಿ."

ಫೋಟೋದಲ್ಲೂ ಹಾಗೇ ಇತ್ತು. ಹನ್ನೊಂದು ತೆರೆದವು, ಒಂದು ಮುಚ್ಚಿದ್ದು.

ಅದು ಬಿಸ್ಕತ್ತು ಕಾರ್ಖಾನೆಯ ಹಿಟ್ಟು ನಾದುವ ಕೋಣೆ. ನಡುವೆ ಒಂದು ಆಳು ನಿಲ್ಲುವಷ್ಟು ಆಳದ ಕಬ್ಬಿಣದ ತೊಟ್ಟಿ. ಸೋಮವಾರ ಮಧ್ಯಾಹ್ನ ಎರಡೂ ನಲವತ್ತಕ್ಕೆ, ಅದರೊಳಗೆ ಇಳಿದು ಒಣಗಿದ ಹಿಟ್ಟು ಕೆರೆಯುತ್ತಿದ್ದ ಮನುಷ್ಯನ ಮೇಲೆ ಯಂತ್ರ ತಿರುಗಿತ್ತು. ಸ್ವಿಚ್ಚು ಹಾಕಿದವನು ಸತ್ತವನ ಹೆಂಡತಿಯ ಒಡಹುಟ್ಟಿದ ಅಣ್ಣ. ಈಗ ಲಾಕಪ್ಪಿನಲ್ಲಿದ್ದಾನೆ. ಕೋರ್ಟು ಕೊಟ್ಟ ಪೊಲೀಸ್ ಕಸ್ಟಡಿ ಮುಗಿಯುತ್ತಿದೆ, ನಾಳೆ ಬೆಳಗ್ಗೆ ಹನ್ನೊಂದಕ್ಕೆ ಅವನನ್ನು ಮತ್ತೆ ಕೋರ್ಟಿಗೆ ಹಾಜರು ಮಾಡಬೇಕು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಕೊಲೆಯ ಆರೋಪ ಅವನ ಹೆಗಲೇರುತ್ತದೆ. ಜೈಲಿಗೆ ಹೋದವನು ಯಾವಾಗ ಹೊರಗೆ ಬರುತ್ತಾನೋ ಹೇಳುವವರಿಲ್ಲ.

ಆ ಕೋಣೆಯ ಕಟ್ಟಳೆ ಸರಳ. ತೊಟ್ಟಿಗೆ ಇಳಿಯುವವನು ಮೊದಲು ಸ್ವಿಚ್ಚಿಗೆ ತನ್ನ ಬೀಗ ಜಡಿಯಬೇಕು. ಒಬ್ಬೊಬ್ಬನ ಬೀಗಕ್ಕೆ ಒಂದೊಂದು ಬಣ್ಣ. ಕೀಲಿ ಅವನ ಕತ್ತಿನ ದಾರದಲ್ಲಿ. ಮೇಲೆ ಬಂದ ಮೇಲೆ ತಾನೇ ತೆಗೆದು ಹಲಗೆಗೆ ನೇತುಹಾಕಬೇಕು. ಸ್ವಿಚ್ಚಿನಲ್ಲಿ ಬೀಗವಿದ್ದರೆ ಒಳಗೆ ಜೀವ ಇದೆ ಅಂತ ಅರ್ಥ, ಬೀಗ ಇಲ್ಲದಿದ್ದರೆ ಯಾರೂ ಇಲ್ಲ ಅಂತ.

ಹಸಿರು ಬೀಗ ಸತ್ತವನದು. ಕೀಲಿ ಅವನ ಕತ್ತಿನಲ್ಲೇ ಇತ್ತು. ಬೀಗ ಮಾತ್ರ ಹಲಗೆಯ ಮೇಲೆ, ತನ್ನ ಮೊಳೆಯಲ್ಲಿ, ಅಚ್ಚುಕಟ್ಟಾಗಿ.

ಒಲೆಯ ಬಳಿ ಕೆಲಸ ಮಾಡುವ ಹಿರಿಯ ಆಳನ್ನು ಕರೆಸಿದಳು. ಮುಖವೆಲ್ಲ ಬೆಂಕಿಯ ಝಳಕ್ಕೆ ಕೆಂಪಾಗಿದ್ದ ಅವನು ಬಾಗಿಲಲ್ಲೇ ನಿಂತ. ತೊಟ್ಟಿಯ ಕಡೆ ನೋಡಲಿಲ್ಲ.

"ನೀವೆಲ್ಲಾ ಬೀಗಾನ ಯಾಕೆ ತೆರೆದೇ ನೇತುಹಾಕ್ತೀರಿ?"

"ಕೈ ತುಂಬಾ ಹಿಟ್ಟಿರುತ್ತಮ್ಮ. ಮುಚ್ಚಿಟ್ರೆ ಮರುದಿನ ಆ ಕೈಯಲ್ಲೇ ಕತ್ತಿನ ದಾರ ಎಳೆದು, ಕೀಲಿ ಹುಡುಕಿ ತೆಗೀಬೇಕು. ತೂತಿಗೆಲ್ಲಾ ಹಿಟ್ಟು ಮೆತ್ಕೊಳ್ಳುತ್ತೆ. ತೆರೆದೇ ಇದ್ರೆ ಸಿಕ್ಕಿಸಿ ಒತ್ತಿದ್ರಾಯ್ತು. ಯಾರೂ ಹೇಳಿಕೊಟ್ಟಿದ್ದಲ್ಲ, ನಮ್ಮ ರೂಢಿ."

"ಸತ್ತವನೂ ಹಾಗೇ ಮಾಡ್ತಿದ್ನಾ?"

"ಹದಿನಾರು ವರ್ಷ ಹಾಗೇ ಮಾಡಿದ."

"ಮತ್ತೆ ಮುಚ್ಚಿ ನೇತುಹಾಕೋರು ಯಾರು?"

ಅವನು ಹಲಗೆ ನೋಡಿದ.

"ಕೈಗೆ ಹಿಟ್ಟು ಮೆತ್ತಿಕೊಳ್ಳದೋರು" ಅಂದ. ಆಮೇಲೆ ದನಿ ಇಳಿಸಿ, "ಇನ್ನೊಬ್ಬನ ಬೀಗ ನಾವು ಯಾರೂ ಮುಟ್ಟಲ್ಲಮ್ಮ. ಸತ್ತರೂ ಮುಟ್ಟಲ್ಲ. ಅದನ್ನ ಮುಟ್ಟೋದು ಅಂದ್ರೆ ಅವನ ಕತ್ತಿಗೇ ಕೈ ಹಾಕಿದ ಹಾಗೆ" ಅಂದು, ಅಪ್ಪಣೆಗೂ ಕಾಯದೆ ಒಲೆಯ ಕಡೆ ನಡೆದುಬಿಟ್ಟ.

ಕಾರ್ಖಾನೆಯ ಗೇಟಿನಲ್ಲಿ ಸತ್ತವನ ಹೆಂಡತಿ ಕಾಯುತ್ತಿದ್ದಳು. ಪಾಪ, ಮೂರು ದಿನದಿಂದ ಅವಳದು ಇದೇ ಕೆಲಸ. ಬೆಳಗ್ಗೆ ಸ್ಟೇಷನ್ನಿನ ಬೆಂಚು, ಮಧ್ಯಾಹ್ನ ಈ ಗೇಟು. ಅವಳೂ ಇಲ್ಲಿಯವಳೇ, ಸ್ಟೋರಿನಲ್ಲಿ ಟೋಪಿ, ಕೈಗವಸು, ಸಾಬೂನು ಹಂಚುವ ಕೆಲಸ. ಗಂಡ ಮಣ್ಣಾದ ಮೇಲೂ ಸೊಂಟದಲ್ಲಿ ಕೀಲಿಗೊಂಚಲು ಹಾಗೇ ಇತ್ತು. ತೆಗೆದಿಡಬೇಕು ಅಂತ ಅವಳಿಗೂ ಹೊಳೆದಿರಲಿಲ್ಲ, ಕೇಳಬೇಕು ಅಂತ ಕಾರ್ಖಾನೆಯವರಿಗೂ ಹೊಳೆದಿರಲಿಲ್ಲ.

"ಒಂದೇ ಮಾತು ಹೇಳಿ ಮೇಡಂ. ನಮ್ಮಣ್ಣನೇ ಮಾಡಿದ್ದಾ?"

"ಇನ್ನೂ ಗೊತ್ತಿಲ್ಲಮ್ಮ."

"ಅವನು ಬಂದ್ರೆ ಮನೆ ಬಾಗಿಲು ತೆಗೀಲಾ ಬೇಡ್ವಾ, ಅಷ್ಟು ಗೊತ್ತಾಗಬೇಕು ನಂಗೆ."

ಇನ್ಸ್‌ಪೆಕ್ಟರಮ್ಮನಿಗೆ ಸಾಕುಸಾಕಾಗಿತ್ತು. "ಸಂಜೆ ಮನೆಗೆ ಬಾ. ಆರು ಗಂಟೆಗೆ ಏನಾದ್ರೂ ಹೇಳ್ತೀನಿ" ಅಂದುಬಿಟ್ಟಳು. ಹೇಳಿದ ಮೇಲೆ ಯಾಕೆ ಹೇಳಿದೆನೋ ಅನ್ನಿಸಿತು.

ಕಾರ್ಖಾನೆಯ ಆಫೀಸಿನ ಮೆಟ್ಟಿಲು ಹತ್ತುವಾಗ ಕೈಯಲ್ಲಿದ್ದ ವರದಿ ಮತ್ತೆ ಬಿಡಿಸಿದಳು. ಮೂರು ಪುಟ ಇಂಗ್ಲಿಷು. ಕೊನೆಯಲ್ಲಿ ಲಾಕಪ್ಪಿನಲ್ಲಿರುವವನ ಸೊಟ್ಟ ಸಹಿ. ಆ ಮನುಷ್ಯನಿಗೆ ಬಸ್ಸಿನ ಬೋರ್ಡಿನ ಇಂಗ್ಲಿಷೂ ಬರುವುದಿಲ್ಲ. ನಡೆದದ್ದೆಲ್ಲಾ ಇದರಲ್ಲಿ ಬರೆದಿದೆ ಅಂದರಂತೆ, ಸಹಿ ಹಾಕಿದನಂತೆ. ಎರಡನೇ ಪುಟದ ಆ ಒಂದು ಸಾಲನ್ನೇ ಹಿಡಿದುಕೊಂಡು ಎಲ್ಲರೂ ಅವನ ಕಡೆ ಬೆರಳು ತೋರಿಸುತ್ತಿದ್ದರು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ಕೀಲಿ ಪಡೆಯಲಾಯಿತು, ಬೀಗ ತೆಗೆಯಲಾಯಿತು, ಯಂತ್ರ ಚಾಲೂ ಮಾಡಲಾಯಿತು.

ನಿನ್ನೆ ಸಂಜೆ ಇದನ್ನೇ ಅಕ್ಕನ ಮುಂದೆ ಓದಿದ್ದಳು. ಅಕ್ಕ ಮೂವತ್ತೊಂದು ವರ್ಷ ಇಂಗ್ಲಿಷ್ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ತಂಗಿಯ ಜೊತೆಗಿದ್ದಾಳೆ. ಕೇಳಿದವರಿಗೆಲ್ಲ ಅರ್ಜಿ, ವರದಿ ತಿದ್ದಿಕೊಡುತ್ತಾಳೆ. ಓದಿ ಮುಗಿಸುವವರೆಗೂ ಅಕ್ಕ ಪೆನ್ಸಿಲು ಕಚ್ಚಿಕೊಂಡು ಕೂತಿದ್ದಳು.

"ಮೂರು ಕೆಲಸ ಇದೆ, ಮಾಡಿದೋರು ಒಬ್ಬರೂ ಇಲ್ಲ" ಅಂದಿದ್ದಳು ಆಮೇಲೆ. "ನೀನು ಚಿಕ್ಕೋಳಿದ್ದಾಗ ಲೋಟ ಒಡೆದು ಏನಂತಿದ್ದೆ?"

"ಒಡೆದುಹೋಯ್ತು ಅಂತಿದ್ದೆ."

"ಅಮ್ಮ ಏನು ಕೇಳ್ತಿದ್ಲು?"

"ತಾನಾಗೇ ಒಡೀತಾ, ನೀನು ಒಡೆದೆಯಾ ಅಂತ."

"ಅಷ್ಟೇ ಕಣೇ ವ್ಯತ್ಯಾಸ. ಒಂದು ಕರ್ತರಿ, ಇನ್ನೊಂದು ಕರ್ಮಣಿ. ಮಾಡಿದವನನ್ನ ಮುಂದೆ ನಿಲ್ಲಿಸಿ ಹೇಳೋದು ಒಂದು, ಅವನನ್ನ ಬಾಗಿಲ ಹಿಂದೆ ನಿಲ್ಲಿಸಿ ಹೇಳೋದು ಇನ್ನೊಂದು. ಇಂಗ್ಲಿಷಲ್ಲಿ ಎರಡೂ ಬೇಕು. ಹಿಟ್ಟು ಜರಡಿ ಹಿಡಿಯಲಾಯಿತು ಅಂದ್ರೆ ತಪ್ಪೇನಿಲ್ಲ, ಯಾರು ಹಿಡಿದರೂ ಹಿಟ್ಟು ಹಿಟ್ಟೇ. ಬೀಗ ಹಾಗಲ್ಲ. ಬೀಗ ಯಾರು ತೆಗೆದ್ರು ಅನ್ನೋದೇ ಅಲ್ಲಿ ವಿಷಯ."

ಹೇಳಿ, ಎದ್ದು ಹೋಗಿ ಮಲಗಿಬಿಟ್ಟಿದ್ದಳು. ಇನ್ನೂ ಎಂಟು ಗಂಟೆಯೂ ಆಗಿರಲಿಲ್ಲ. ತಲೆನೋವು ಅಂದಿದ್ದಳು.

ವರದಿ ಬರೆದ ಗುಮಾಸ್ತ ಆಫೀಸಿನ ಮೂಲೆಯ ಮೇಜಿನಲ್ಲಿ ಕೂತಿದ್ದ. ಕಾರ್ಖಾನೆಯಲ್ಲಿ ಅವನಿಗೆ ಫುಲ್‌ಸ್ಟಾಪ್ ಅಂತ ಅಡ್ಡಹೆಸರು. ಯಾರು ಎಷ್ಟೇ ಕೂಗಾಡಿಕೊಂಡು ಬಂದರೂ ಒಂದು ಮಾತಿನಲ್ಲಿ ಮುಗಿಸಿ ಕಳಿಸುತ್ತಿದ್ದನಂತೆ. ಬೋಳುತಲೆ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಮೇಜಿನ ಮೇಲೆ ಒಂದು ಧೂಳಿನ ಕಣವೂ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಕೇಳದೇ ಕುರ್ಚಿ ಎಳೆದುಕೊಂಡು ಕೂತಳು. ದಫೇದಾರ ಬಾಗಿಲು ಮುಂದೆ ಮಾಡಿ ಅಲ್ಲೇ ನಿಂತ.

"ಬೀಗದ ಎರಡನೇ ಕೀಲಿ ಎಲ್ಲಿರುತ್ತೆ?"

"ಲಕೋಟೆಯಲ್ಲಿ ಹಾಕಿ ಮೊಹರು ಮಾಡಿ ಬೀರುವಿನಲ್ಲಿ ಇಡಲಾಗುತ್ತೆ ಮೇಡಂ."

"ಬೀರು ಕೀಲಿ?"

"ಅದನ್ನ ಒಬ್ಬರ ಸುಪರ್ದಿಗೆ ಕೊಡಲಾಗಿದೆ."

"ಸೋಮವಾರ ಆ ಲಕೋಟೆ ಒಡೆದೋರು ಯಾರು?"

"ತುರ್ತು ಸಂದರ್ಭದಲ್ಲಿ ಒಡೆಯಲು ಅನುಮತಿ ನೀಡಲಾಗಿದೆ."

"ಎಲಾ ಪುಣ್ಯಾತ್ಮ!" ಇನ್ಸ್‌ಪೆಕ್ಟರಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. "ಮನೇಲಿ ಹೆಂಡತಿ ಹತ್ರಾನೂ ಹೀಗೇ ಮಾತಾಡ್ತೀರಾ? ಊಟ ಮಾಡಲಾಯಿತು, ಕೈ ತೊಳೆಯಲಾಯಿತು, ನಿದ್ರಿಸಲಾಗುವುದು ಅಂತ?"

ಬಾಗಿಲ ಬಳಿ ದಫೇದಾರ ಕೆಮ್ಮಿದ. ಗುಮಾಸ್ತ ನಗಲಿಲ್ಲ. ಪೆನ್ನೊಂದನ್ನು ತೆಗೆದು ಮೇಜಿನ ಅಂಚಿಗೆ ಸಮನಾಗಿ ಇಟ್ಟ.

"ಇಪ್ಪತ್ತೆರಡು ವರ್ಷ ಆಯ್ತು ಮೇಡಂ, ಹೀಗೇ ಬರೀತಿರೋದು. ಅಭ್ಯಾಸ."

"ಸುಳ್ಳು. ನಿಮ್ಮ ಹಳೇ ವರದಿ ಫೈಲೂ ನೋಡಿದ್ದೀನಿ. ಶುರುವಿನ ವರ್ಷಗಳಲ್ಲಿ ನೀವು ಹೆಸರು ಹಾಕೇ ಬರೀತಿದ್ರಿ. ಇಂಥವನು ಯಂತ್ರದ ಪಟ್ಟಿ ಬಿಗಿ ಮಾಡಲಿಲ್ಲ, ಇಂಥವರು ರಜಾ ಕೊಡಲಿಲ್ಲ. ಆಮೇಲೆ ಒಂದು ದಿನದಿಂದ ಒಂದು ಹೆಸರೂ ಇಲ್ಲ. ಏನಾಯ್ತು ಆ ದಿನ?"

ಮೇಲೆ ಫ್ಯಾನು ಕಿರ್ರೆಂದು ತಿರುಗುತ್ತಿತ್ತು. ಕೆಳಗಿನಿಂದ ಬೆಂದ ಬಿಸ್ಕತ್ತಿನ ಬೆಣ್ಣೆ ವಾಸನೆ ಬರುತ್ತಿತ್ತು.

"ಹೆಸರು ಹಾಕಿ ಬರೆದಿದ್ದೆ" ಅಂದ ಗುಮಾಸ್ತ ನಿಧಾನಕ್ಕೆ. "ಒಬ್ಬ ಹುಡುಗಿ ಬೆರಳು ಹೋಗಿತ್ತು, ಪ್ಯಾಕಿಂಗ್ ಯಂತ್ರದಲ್ಲಿ. ಯಾರು ಮುಚ್ಚಳ ತೆಗೆಸಿದ್ರು ಅಂತ ಬರೆದೆ. ಹೆಸರಿದ್ದವರು ಮೇಲಿನ ಹುದ್ದೆಗೆ ಹೋದ್ರು. ಬರೆದವನು ಗೋಡೌನಿಗೆ ಹೋದ. ನಾಲ್ಕು ವರ್ಷ ಮೇಡಂ, ಸಕ್ಕರೆ ಮೂಟೆ ಎಣಿಸ್ತಾ ಕೂತಿದ್ದೆ. ವಾಪಸ್ ಬಂದ ಮೇಲೆ ಯಾರ ಹೆಸರೂ ಬರೀಲಿಲ್ಲ. ಬರೆದರೆ ತಾನೇ ಕಷ್ಟ?"

"ನೀವು ಬರೀದೇ ಇದ್ದಿದ್ದಕ್ಕೆ ಇವತ್ತು ಒಬ್ಬ ಒಳಗೆ ಕೂತಿದ್ದಾನೆ. ಮೂರು ಕೆಲಸದಲ್ಲಿ ಅವನು ಮಾಡಿದ್ದು ಮೂರನೇದು ಮಾತ್ರ. ಬೀಗ ಇರಲಿಲ್ಲ, ಒಳಗೆ ಯಾರೂ ಇಲ್ಲ ಅಂದ್ಕೊಂಡು ಸ್ವಿಚ್ಚು ಹಾಕಿದ. ಸ್ವಂತ ತಂಗಿ ಗಂಡ! ಮೂರು ದಿನದಿಂದ ಗೋಡೆ ಕಡೆ ಮುಖ ಮಾಡಿ ಕೂತಿದ್ದಾನೆ, ನೀರೂ ಸರಿಯಾಗಿ ಕುಡೀತಿಲ್ಲ. ನಿಮ್ಮ ಸಾಲಿನ ಕೆಳಗೆ ಸಹಿ ಹಾಕಿದ್ದಕ್ಕೆ ಮೂರೂ ಕೆಲಸ ಅವನ ತಲೆಗೇ ಬಂದಿದೆ. ಮೊದಲಿನ ಎರಡು ಯಾರದ್ದು?"

"ಈ ಸಲ ನಾನು ಬರೆದಿದ್ದೆ."

"ಏನು?"

"ಹೆಸರು ಹಾಕೇ ಬರೆದಿದ್ದೆ ಮೇಡಂ." ಅವನ ಕಣ್ಣಂಚು ಒದ್ದೆಯಾಗಿತ್ತು. "ತೊಟ್ಟಿಯಿಂದ ಎತ್ತಿದಾಗ ನಾನೂ ಅಲ್ಲೇ ಇದ್ದೆ. ಕೈ ತಡೀಲಿಲ್ಲ. ಮ್ಯಾನೇಜರ್ ನೋಡಿದ್ರು, ಎರಡನೇ ಪುಟ ಹರಿದು ನನ್ನ ಕೈಗಿಟ್ರು. ಇದು ಆಫೀಸಿನ ಇಂಗ್ಲಿಷಲ್ಲ, ಸರಿ ಮಾಡಿಸು ಅಂದ್ರು. ನಾನು ತಿದ್ದಲ್ಲ ಅಂದೆ. ನೀನು ತಿದ್ದಬೇಡ, ಯಾವಾಗಲೂ ತಿದ್ದಿಕೊಡ್ತಾರಲ್ಲ, ಅಲ್ಲಿಗೆ ಕಳಿಸು ಅಂದ್ರು. ಆ ಪುಟ ಒಂದೇ ಕಳಿಸಿದ್ವಿ. ಸಂಜೆ ತಿದ್ದಿಸಿಕೊಂಡು ಬಂತು. ನಾನು ಟೈಪ್ ಮಾಡಿದೆ. ಮೂಲ ಮ್ಯಾನೇಜರ್ ಇಸ್ಕೊಂಡು ಹೋದ್ರು. ಈಗ ಕೇಳಿದ್ರೆ ಅಂಥ ಪುಟವೇ ಇರಲಿಲ್ಲ ಅಂತಾರೆ."

ಅಂದರೆ ಅಲ್ಲಿದ್ದ ಒಂದು ಹೆಸರು ಮ್ಯಾನೇಜರದು. ಅಷ್ಟು ಊಹಿಸಲು ಪೊಲೀಸಿನವಳೇ ಆಗಬೇಕಿರಲಿಲ್ಲ. ಬೀಗವನ್ನು ಒತ್ತಿ ಮುಚ್ಚಿ ಮೊಳೆಗೆ ಹಾಕಿದ ಸ್ವಚ್ಛವಾದ ಕೈ.

"ಬೀಗ ತೆಗೆದದ್ದು ಅವರು. ಕೀಲಿ ಕೊಟ್ಟೋರು?"

ಗುಮಾಸ್ತ ತಲೆ ಅಲ್ಲಾಡಿಸಿದ. "ನನ್ನ ಬಾಯಲ್ಲಿ ಹೇಳಿಸಬೇಡಿ. ಕೈ ಮುಗೀತೀನಿ. ಅದೊಂದು ಹೆಸರು ನನ್ನಿಂದ ಆಗಲ್ಲ."

"ಕೋರ್ಟಲ್ಲಿ ಹೇಳ್ತೀರಾ?"

"ಗೋಡೌನಿಗೆ ಹೆದರಿ ಅಲ್ಲ ಮೇಡಂ. ಬೇರೆ ಕಾರಣ ಇದೆ." ಅವನು ತುಟಿ ಕಚ್ಚಿಕೊಂಡ. "ಆ ಪುಟ ಓದಿರೋರು ಇನ್ನೊಬ್ಬರು ಇದ್ದಾರಲ್ಲ. ಅವರನ್ನೇ ಕೇಳಿ."

"ತಿದ್ದಿಕೊಟ್ಟೋರು ತಾನೇ? ಯಾರವರು?"

ಗುಮಾಸ್ತ ಮೇಜಿನ ಖಾನೆ ಎಳೆದ. ಹರಿದ ಕಂದು ಲಕೋಟೆಯೊಂದನ್ನು ತೆಗೆದು, ಎರಡು ಬೆರಳಿನಿಂದ ಅವಳ ಕಡೆ ತಳ್ಳಿದ. ಡ್ರೈವರನ ಕೈಯಲ್ಲಿ ಹೋಗಿ ಬಂದ ಲಕೋಟೆ. ಮೇಲೆ ಅವನದೇ ಗುಂಡಗಿನ ಅಕ್ಷರದಲ್ಲಿ ಬೀದಿಯ ಹೆಸರು, ಮನೆ ನಂಬರು.

ಇನ್ಸ್‌ಪೆಕ್ಟರಮ್ಮ ಓದಿದಳು. ಮತ್ತೆ ಓದಿದಳು. ದಿನಾ ಸಂಜೆ ಬೂಟು ಕಳಚಿಡುವ ಮನೆಯ ನಂಬರು ಅದು.

"ನೀವು ಅಲ್ಲಿರ್ತೀರಿ ಅಂತ ನಂಗೆ ಮೊನ್ನೆವರೆಗೂ ಗೊತ್ತಿರಲಿಲ್ಲ" ಅಂದ ಗುಮಾಸ್ತ.

ಮನೆ ಸೇರಿದಾಗ ಆರು ಹೊಡೆದು ಐದು ನಿಮಿಷ. ಲಕೋಟೆಯ ಮೇಲಿನ ನಂಬರನ್ನು ದಫೇದಾರನೂ ನೋಡಿದ್ದ. ಅವನಿಗೆ ಅರ್ಥವಾಗಿತ್ತು. ಜೀಪಿನಿಂದ ಇಳಿಯುವಾಗ, "ನಾಳೆ ಹನ್ನೊಂದಕ್ಕೆ ಮೇಡಂ" ಅಂದ, ಎಲ್ಲಿ ಮರೆತುಬಿಡುತ್ತಾಳೋ ಅನ್ನುವ ಹಾಗೆ.

ಮುಂದಿನ ಕೋಣೆಯ ಬೆಂಚಿನ ತುದಿಯಲ್ಲಿ ಸತ್ತವನ ಹೆಂಡತಿ ಕೂತಿದ್ದಳು. ಮುಂದೆ ನೀರಿನ ಲೋಟ, ಮುಟ್ಟಿರಲಿಲ್ಲ. ಎದ್ದು ನಿಲ್ಲಲು ಹೋದಳು.

"ಕೂತಿರಮ್ಮ, ಬಂದೆ."

ಅಡುಗೆಮನೆಯಲ್ಲಿ ಅಕ್ಕ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಪಾತ್ರೆಯಲ್ಲಿ ಚಹಾ ಕುದಿದು ಕಪ್ಪಾಗಿತ್ತು. ತಂಗಿ ಲಕೋಟೆಯನ್ನು ಕಟ್ಟೆಯ ಮೇಲಿಟ್ಟಳು. ಅಕ್ಕ ತಿರುಗಿ ನೋಡಿ, ಒಲೆ ಆರಿಸಿದಳು.

"ನಿನ್ನೆ ನೀನು ಓದಿದಾಗಲೇ ಗೊತ್ತಾಯ್ತು ಕಣೇ, ಅದು ನನ್ನ ಸಾಲು ಅಂತ."

"ಗೊತ್ತಾಗಿ ಸುಮ್ಮನಿದ್ದೆಯಾ?"

"ನಾಚಿಕೆ ಆಯ್ತು." ಅಕ್ಕನ ದನಿ ಒಡೆಯಿತು. "ಒಂದೇ ಪುಟ ಕಳಿಸಿದ್ರು. ಮನುಷ್ಯ ಸತ್ತಿದ್ದಾನೆ ಅಂತ ಅದರಲ್ಲಿ ಇರಲಿಲ್ಲ. ಕಾರ್ಖಾನೆ ಕಾಗದ, ಹೆಸರು ಯಾಕೆ ಅಂತ ನನ್ನಷ್ಟಕ್ಕೆ ನಾನೇ ಹೊಡೆದುಹಾಕಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟೆ, ಆಫೀಸಿಗೆ ಬರೆಯುವಾಗ ಮನುಷ್ಯ ಕಾಣಬಾರದು ಅಂತ. ಮಾರ್ಕ್ಸೂ ಕೊಟ್ಟೆ."

ಇನ್ಸ್‌ಪೆಕ್ಟರಮ್ಮ ಗೋಡೆಗೆ ಒರಗಿದಳು. ಬೈಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಬಿಟ್ಟು, ಕೇಳಬೇಕಾದದ್ದನ್ನು ಕೇಳಿದಳು.

"ನಾಳೆ ಕೋರ್ಟಿಗೆ ಬಂದು ಹೇಳ್ತೀಯಾ ಅಕ್ಕಾ? ಆ ಪುಟದಲ್ಲಿ ಏನಿತ್ತು ಅಂತ?"

"ಹೇಳ್ತೀನಿ. ನಾನು ಅಳಿಸಿದೆ ಅಂತಲೇ ಹೇಳ್ತೀನಿ. ನನ್ನ ಹೆಸರು ಹಾಕೇ ಬರ್ಕೋ."

"ಮ್ಯಾನೇಜರ್ ಬೀಗ ತೆಗೆದ, ಸರಿ. ಅವನಿಗೆ ಕೀಲಿ ಯಾರು ಕೊಟ್ರು?"

ಅಕ್ಕ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಬಂದು ತಂಗಿಯ ತೋಳು ಹಿಡಿದಳು. ಕೈ ತಣ್ಣಗಿತ್ತು.

"ಅವನ ಹೆಸರಿತ್ತು ಕಣೇ, ಕೀಲಿ ಕೊಟ್ಟೋರ ಹೆಸರಿರಲಿಲ್ಲ. ಕೆಲಸ ಮಾತ್ರ ಬರೆದಿತ್ತು" ಅಂದಳು ಪಿಸುದನಿಯಲ್ಲಿ. "ಇಂಗ್ಲಿಷಲ್ಲಿ ಸ್ಪಷ್ಟವಾಗಿತ್ತು. ಸ್ಟೋರಿನವಳು ಹಸಿರು ಬೀಗದ ಲಕೋಟೆ ತಾನೇ ಹುಡುಕಿ ತೆಗೆದು ಮ್ಯಾನೇಜರಿಗೆ ಕೊಟ್ಟಳು. ಬೀಗ ತೆಗೆಯೋದು ಮರೆತಿದ್ದಾರೆ, ತೊಟ್ಟಿಯಲ್ಲಿ ಯಾರೂ ಇಲ್ಲ ಅಂತ ಹೇಳಿ ಕೊಟ್ಟಳು."

ಇನ್ಸ್‌ಪೆಕ್ಟರಮ್ಮನ ಕಣ್ಣ ಮುಂದೆ ಮಧ್ಯಾಹ್ನದ ಗೇಟು ಬಂತು. ಸೊಂಟದ ಕೀಲಿಗೊಂಚಲು ಬಂತು. ಮೂರು ದಿನ ಬೆಂಚಿನ ಮೇಲೆ ಕೂತು ಕೇಳಿದ ಒಂದೇ ಒಂದು ಪ್ರಶ್ನೆ ಬಂತು. ಹಸಿರು ಬೀಗ ತನ್ನ ಗಂಡನದು ಅಂತ ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಮುಂದಿನ ಕೋಣೆಯಲ್ಲಿ ಬೆಂಚು ಸರಿದ ಸದ್ದಾಯಿತು. ಕೀಲಿಗಳು ಒಂದಕ್ಕೊಂದು ತಾಕಿದವು.

"ಮೇಡಂ" ಅಂತ ಕರೆದಳು ಅವಳು, ಮೆಲ್ಲಗೆ. "ನಮ್ಮಣ್ಣನೇ ಮಾಡಿದ್ದು ಅಂತ ಬರ್ಕೊಂಡ್ರಾ?"